ಗೋಡೆ ನೋಡಿ ದುಡ್ಡಿಟ್ಟ ಕಾಲ

ದಾವಣಗೆರೆಯಲ್ಲಿ ವಯಸ್ಸಾದವರ ಬಾಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಈಗಲೂ ‘ಮೈಸೂರು ಬ್ಯಾಂಕ್’. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನ ಆಯ್ತು, ಬೋರ್ಡೂ ಬದಲಾಯ್ತು. ಬಾಯಿಗೆ ಕೂತ ಹೆಸರು ಮಾತ್ರ ಹೋಗಿಲ್ಲ.

ಬ್ಯಾಂಕು ಬರುವ ಮೊದಲು ನಮ್ಮೂರಲ್ಲಿ ದುಡ್ಡಿನ ವ್ಯವಹಾರವೆಲ್ಲ ಮಂಡಿಯಲ್ಲೇ. ಸಾಹುಕಾರ ಗಾದಿ ಮೇಲೆ ಕೂತಿರುತ್ತಿದ್ದ, ಪಕ್ಕದಲ್ಲಿ ಗುಮಾಸ್ತ. ರೈತ ಹತ್ತಿ ಸುರಿದು, ಹಳೇ ಸಾಲ ಮುರಿದುಕೊಂಡು ಉಳಿದಷ್ಟು ಒಯ್ಯುತ್ತಿದ್ದ. ಮೋಸವೂ ಇತ್ತು, ಬಡ್ಡಿಯೂ ಜಾಸ್ತಿ. ಆದರೆ ಎದುರಿಗೆ ಪರಿಚಯದ ಮುಖ ಇತ್ತಲ್ಲ! ಬ್ಯಾಂಕಿಗೆ ಆ ಮುಖವೇ ಇರಲಿಲ್ಲ.

ಜನರ ಅನುಮಾನಕ್ಕೆ ಕಾರಣವೂ ಇತ್ತು. 1906ರಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯಾಗಿ ಸಾವಿರಾರು ಜನರ ಠೇವಣಿ ಮುಳುಗಿತ್ತು. ಇದಾಗಿ ಏಳು ವರ್ಷಕ್ಕೆ, 1913ರಲ್ಲಿ, ಮೈಸೂರು ಬ್ಯಾಂಕ್ ಶುರುವಾಯಿತು. ಆಗ ವಿಶ್ವೇಶ್ವರಯ್ಯ ದಿವಾನರು, ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು. ಹೆಸರಿನಲ್ಲೇ ಸಂಸ್ಥಾನ ಇದ್ದದ್ದು ಅರ್ಧ ಧೈರ್ಯ. ಉಳಿದ ಅರ್ಧವನ್ನು ಆ ಕಾಲದ ಬ್ಯಾಂಕುಗಳು ಕಟ್ಟಡದಿಂದ ತುಂಬಿಕೊಂಡವು ಅನ್ನೋದು ನನ್ನ ಲೆಕ್ಕ.

ಅಂಥ ಹಳೇ ಬ್ಯಾಂಕ್ ಕಟ್ಟಡದೊಳಗೆ ಕಾಲಿಟ್ಟರೆ ಇದು ಗೊತ್ತಾಗುತ್ತದೆ. ಮೊದಲು ಎತ್ತರದ ಕಲ್ಲಿನ ಮೆಟ್ಟಿಲು. ಆಮೇಲೆ ಕಂಬ, ಕಮಾನು. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯ ಕಟ್ಟೆ ಮೇಲೆ ಒಬ್ಬ ಆರಾಮಾಗಿ ಕೂರಬಹುದು. ಇಟ್ಟಿಗೆ ಹಿಡಿದದ್ದು ಸಿಮೆಂಟಲ್ಲ, ಗಾರೆ. ಸುಣ್ಣ, ಮರಳನ್ನು ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸುತ್ತಿದ್ದರು. ತಲೆ ಮೇಲೆ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ದಿನಗಟ್ಟಲೆ ಬಡಿದದ್ದು. ಬೇಸಿಗೆಯಲ್ಲೂ ಒಳಗೆ ತಂಪು.

ಹಿಂದೆ ಸ್ಟ್ರಾಂಗ್ ರೂಮ್. ಕಿಟಕಿ ಇಲ್ಲ. ಉಕ್ಕಿನ ಬಾಗಿಲಿಗೆ ಎರಡು ಕೀಲಿ, ಇಬ್ಬರ ಹತ್ತಿರ ಒಂದೊಂದು. ಒಬ್ಬರೇ ಹೋದರೆ ಬಾಗಿಲು ತೆರೆಯಲ್ಲ.

ಕಟ್ಟಡದ ಈ ಅಬ್ಬರ ಕಡಿಮೆಯಾಗಲು ಒಂದು ಕಾರಣ ಕಾನೂನು. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಳುಗಿತು. 1962ರಿಂದ ಠೇವಣಿಗೆ ವಿಮೆ ಬಂತು; ಬ್ಯಾಂಕ್ ಮುಳುಗಿದರೂ ಒಂದು ಮಿತಿಯವರೆಗೆ ದುಡ್ಡು ವಾಪಸ್. ಆ ಮಿತಿ ಆಗ ತಲಾ 1,500 ರೂಪಾಯಿ, ಈಗ 5 ಲಕ್ಷ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಶಾಖೆಗಳು ಊರೂರಿಗೆ ಹೋದವು. ಎಲ್ಲ ಕಡೆ ಕಂಬ, ಕಮಾನು ಕಟ್ಟಲು ಆಗುತ್ತಾ? ಬಾಡಿಗೆ ಮಳಿಗೆಯೇ ಸಾಕಾಯ್ತು.

ಚಿಕ್ಕವನಿದ್ದಾಗ ಅಪ್ಪನ ಜೊತೆ ಬ್ಯಾಂಕಿಗೆ ಹೋದರೆ ನನಗೆ ಕ್ಯಾಷಿಯರ್ ಮುಖ ಕಾಣುತ್ತಿರಲಿಲ್ಲ. ಕಂಬಿಗಳ ಹಿಂದೆ ಒದ್ದೆ ಸ್ಪಂಜಿಗೆ ಬೆರಳು ಒತ್ತಿ ನೋಟು ಎಣಿಸುವ ಕೈ ಅಷ್ಟೇ. ನಂಬರ್ ಕೂಗುವ ತನಕ ಹಿತ್ತಾಳೆ ಟೋಕನ್ ನನ್ನ ಮುಷ್ಟಿಯಲ್ಲಿ. ವಾಪಸ್ ಕೊಡುವಾಗ ಅದು ಬೆಚ್ಚಗಿರುತ್ತಿತ್ತು.