ಬೆರಕೆ ಮಕ್ಕಳನ್ನ ಸಾಕಿದ್ದು ಯಾರು?

ಲೋಕ ಮುಳುಗಿಹೋಗಿದೆ, ಯಾವುದೋ ರೋಗ ಬಂದು ಊರಿಗೆ ಊರೇ ಖಾಲಿ, ಉಳಿದವರಿಗೆ ಹುಟ್ಟೋ ಮಕ್ಕಳಿಗೆ ಕೊಂಬು, ಬಾಲ, ಗರಿ. ಆ ಮಕ್ಕಳನ್ನ ಹುಡುಕಿ ಕೊಲ್ಲೋಕೆ ಬೇಟೆಗಾರರು ಹೊರಟಿದಾರೆ, ರಕ್ತಸಂಬಂಧಾನೇ ಇಲ್ಲದ ಯಾರೋ ಒಬ್ಬರು ಒಂದು ಮಗೂನ ಬೆನ್ನಿಗೆ ಹಾಕ್ಕೊಂಡು ಕಾಡಲ್ಲಿ ಓಡ್ತಾ ಇದಾರೆ. ಈ ಥರದ ಕಥೆಗಳು ಈಗ ಸಾಕಷ್ಟಿವೆ, ನೋಡಿದವರೆಲ್ಲ ಮೊದಲು ಕೇಳೋದು ಹೀಗಾಗೋಕೆ ಸಾಧ್ಯನಾ ಅಂತ. ಕೊಂಬಿನ ಮಗು ಹುಟ್ಟಲ್ಲ, ಅದು ಬಿಡಿ. ಆದ್ರೆ ಕಥೆಯ ಉಳಿದ ಭಾಗ ಇದೆಯಲ್ಲ, ಕುಸಿದ ಲೋಕ, ಅದರಲ್ಲಿ ಹುಟ್ಟಿದ ಬೆರಕೆ ಮಗು, ಅದನ್ನ ಸಾಕಿ ಉಳಿಸಿದವರು, ಇದೆಲ್ಲ ಭೂಮಿ ಮೇಲೆ ನಿಜವಾಗ್ಲೂ ಒಟ್ಟೊಟ್ಟಿಗೆ ಬಂದಿದೆ, ಅದೂ ಎಷ್ಟೋ ಸಲ. ಬೇಟೆಗಾರರೂ ಇದಾರೆ, ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ಕೊಂಬಿನ ಮಗು ಯಾಕೆ ಹುಟ್ಟಲ್ಲ ಅನ್ನೋದನ್ನ ಬೇಗ ಮುಗಿಸ್ತೀನಿ. ಮನುಷ್ಯರ ವಂಶ, ಜಿಂಕೆಗಳ ವಂಶ ಬೇರೆಯಾಗಿ 9 ಕೋಟಿ ವರ್ಷದಷ್ಟಾಯ್ತು, ಇಷ್ಟು ದೂರ ಹೋದಮೇಲೆ ಅಂಡ ಮತ್ತು ವೀರ್ಯ ಸೇರಿ ಭ್ರೂಣ ಬೆಳೆಯೋ ಮಾತೇ ಇಲ್ಲ. ತೀರಾ ಹತ್ತಿರದ ನೆಂಟರಾದ ಕುದುರೆ ಕತ್ತೆಗಳಲ್ಲೇ ನೋಡಿ, ಕುದುರೆಗೆ 64 ಕ್ರೋಮೋಸೋಮು, ಕತ್ತೆಗೆ 62, ಅವುಗಳಿಗೆ ಹುಟ್ಟೋ ಹೇಸರಗತ್ತೆಗೆ 63, ಗಟ್ಟಿಮುಟ್ಟಾಗೇ ಇರತ್ತೆ ಆದ್ರೆ ಕ್ರೋಮೋಸೋಮುಗಳು ಸರಿಯಾಗಿ ಜೋಡಿಯಾಗದೆ ಅಪರೂಪಕ್ಕೆ ಬಿಟ್ರೆ ಮರಿ ಹಾಕಲ್ಲ. ಮನುಷ್ಯ ಮತ್ತು ಚಿಂಪಾಂಜಿಯ ಬೆರಕೆ ಮಾಡೋಕೆ ರಷ್ಯಾದ ವಿಜ್ಞಾನಿ ಇಲ್ಯಾ ಇವಾನೋವ್ 1920ರ ದಶಕದಲ್ಲಿ ಆಫ್ರಿಕಾದ ಫ್ರೆಂಚ್ ಗಿನಿಗೆ ಹೋಗಿ ಚಿಂಪಾಂಜಿಗಳ ಮೇಲೆ ಪ್ರಯೋಗ ಮಾಡಿದ, ಒಂದೂ ಗರ್ಭ ನಿಲ್ಲಲಿಲ್ಲ. ಆ ಪ್ರಯೋಗದ ಕ್ರೌರ್ಯ ಓದಿದ್ರೆ ಇವತ್ತಿಗೂ ಹೊಟ್ಟೆ ತೊಳಸತ್ತೆ. ಇನ್ನು ಈಚೆಗೆ ಲ್ಯಾಬಲ್ಲಿ ಹಂದಿ ಭ್ರೂಣಕ್ಕೆ (2017), ಕೋತಿ ಭ್ರೂಣಕ್ಕೆ (2021) ಮನುಷ್ಯರ ಸ್ಟೆಮ್ ಸೆಲ್ ಸೇರಿಸಿದ್ದು ಸುದ್ದಿಯಾಯ್ತಲ್ಲ, ಅವು ಬೆರಕೆ ಅಲ್ಲ, ಕೈಮೆರಾ. ಅಂದ್ರೆ ಒಂದೊಂದು ಜೀವಕೋಶವೂ ಪೂರ್ತಿ ಮನುಷ್ಯನದು ಅಥವಾ ಪೂರ್ತಿ ಪ್ರಾಣಿಯದು, ಎರಡೂ ಒಂದೇ ಭ್ರೂಣದಲ್ಲಿ ಅಕ್ಕಪಕ್ಕ ಇರತ್ತೆ ಅಷ್ಟೇ, ಆ ಭ್ರೂಣಗಳು ಯಾವುವೂ ಮಗುವಾಗೋವರೆಗೆ ಬೆಳೆದಿಲ್ಲ, ಬೆಳೆಯೋಕೆ ಬಿಟ್ಟೂ ಇಲ್ಲ.

ಈಗ ನಿಜವಾದ ಬೆರಕೆ ಮಗುವಿನ ವಿಷಯ. ಸೈಬೀರಿಯಾದ ಅಲ್ಟಾಯ್ ಬೆಟ್ಟಗಳಲ್ಲಿ ಡೆನಿಸೋವಾ ಅಂತ ಒಂದು ಗುಹೆ ಇದೆ, ಅಲ್ಲಿ ಸಿಗೋ ಮೂಳೆಗಳು ಹೆಚ್ಚಾಗಿ ಪುಡಿಪುಡಿ, ಯಾವ ಪ್ರಾಣೀದು ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಆಕ್ಸ್‌ಫರ್ಡಿನ ತಂಡದ ಸಮಂತಾ ಬ್ರೌನ್ ಇಂಥ ಎರಡು ಸಾವಿರಕ್ಕೂ ಹೆಚ್ಚು ಚೂರುಗಳಲ್ಲಿರೋ ಕೊಲಾಜೆನ್ ಪ್ರೋಟೀನನ್ನ ಒಂದೊಂದಾಗಿ ಪರೀಕ್ಷೆ ಮಾಡ್ತಾ ಹೋದಾಗ ಎರಡೂವರೆ ಸೆಂಟಿಮೀಟರಿನಷ್ಟಿದ್ದ ಒಂದು ಚೂರು ಮನುಷ್ಯ ಜಾತೀದು ಅಂತ ಗೊತ್ತಾಯ್ತು. ಅದರ ಡಿಎನ್ಎ ತೆಗೆದು ಓದಿದವರು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹಳೇ ಮೂಳೆಗಳ ಡಿಎನ್ಎ ಓದೋದ್ರಲ್ಲಿ ಹೆಸರಾದ ಸ್ವಾಂತೆ ಪೇಬೊ ಜೊತೆ ಕೆಲಸ ಮಾಡ್ತಿದ್ದ ವಿವಿಯನ್ ಸ್ಲೋನ್, 2018ರಲ್ಲಿ ಫಲಿತಾಂಶ ಬಂತು. ಸುಮಾರು 90,000 ವರ್ಷದ ಹಿಂದಿನ ಹುಡುಗಿ, ಅಮ್ಮ ನಿಯಾಂಡರ್ತಲ್, ಅಪ್ಪ ಡೆನಿಸೋವನ್. ಈಗ ಅಳಿದುಹೋಗಿರೋ ಇವೆರಡೂ ಮನುಷ್ಯ ಕುಲಗಳು ಬೇರೆಯಾಗಿ ಆಗಲೇ ಮೂರು ಲಕ್ಷ ವರ್ಷ ಕಳೆದಿತ್ತು! ಯಾವುದೋ ಮುತ್ತಜ್ಜಿ ಕಾಲದಲ್ಲಿ ಬೆರಕೆ ಆಗಿತ್ತು ಅನ್ನೋ ಸುಳಿವಲ್ಲ ಇದು, ನೇರ ಮೊದಲ ತಲೆಮಾರಿನ ಮಗು. ವಿಜ್ಞಾನಿಗಳು ಇವಳನ್ನ ಡೆನಿ ಅಂತ ಕರೀತಾರೆ. ಅವಳ ಅಪ್ಪನ ಡಿಎನ್ಎಯಲ್ಲೂ ನೂರಾರು ತಲೆಮಾರು ಹಿಂದಿನ ನಿಯಾಂಡರ್ತಲ್ ಗುರುತು ಇತ್ತು, ಅಂದ್ರೆ ಇದು ಮೊದಲನೇ ಸಲವೂ ಅಲ್ಲ.

ನನ್ನನ್ನ ಬಿಡದೆ ಕಾಡೋ ವಿವರ ಅವಳ ವಯಸ್ಸು. ಮೂಳೆಯ ದಪ್ಪ ನೋಡಿ ಹೇಳೋ ಪ್ರಕಾರ ಸಾಯೋವಾಗ ಅವಳಿಗೆ ಕಡಿಮೆ ಅಂದ್ರೂ 13 ವರ್ಷ. ಹಿಮಯುಗದ ಸೈಬೀರಿಯಾ ಅದು, ಗುಹೆ ಬಾಗಿಲಲ್ಲಿ ಕತ್ತೆಕಿರುಬ, ತೋಳ, ಅಂಥಲ್ಲಿ ಒಂದು ಮಗು 13 ವರ್ಷ ಬದುಕಬೇಕಾದ್ರೆ ಅದಕ್ಕೆ ಯಾರೋ ಹಾಲು ಕೊಟ್ಟಿದಾರೆ, ಮಾಂಸ ಅಗಿದು ಕೊಟ್ಟಿರಬಹುದು, ನಡೆಯೋಕಾಗದಾಗ ಹೊತ್ತಿದಾರೆ, ಬೆಂಕಿ ಹತ್ರ ಜಾಗ ಮಾಡಿದಾರೆ. ಮುಖ ಬೇರೆ ಥರ ಇದೆ ಅಂತ ಅವಳನ್ನ ಯಾರೂ ಆಚೆ ಹಾಕಲಿಲ್ಲ, ಹಾಕಿದ್ರೆ ಆ ಮೂಳೆ ಅಷ್ಟು ಬೆಳೀತಾ ಇರಲಿಲ್ಲ.

ಇದು ಭಾವುಕ ಊಹೆ ಅಂತ ಅನ್ನಿಸಬಹುದು, ಆದ್ರೆ ಆ ಕಾಲದವರು ಬೇರೆ ಥರದ ಮಕ್ಕಳನ್ನ ಸಾಕ್ತಿದ್ರು ಅನ್ನೋಕೆ ಬೇರೆ ಕಡೆ ಸಾಕ್ಷಿ ಇದೆ. ಸ್ಪೇನಿನ ಕೋವಾ ನೆಗ್ರಾ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಲ್ ಮಗುವೊಂದರ ಒಳಗಿವಿಯ ಮೂಳೆಯಲ್ಲಿ ಹಲವು ದೋಷ ಇತ್ತು, ಡೌನ್ ಸಿಂಡ್ರೋಮ್ ಇದ್ದಿರಬಹುದು ಅಂತ 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳತ್ತೆ, ಕಿವಿ ಕೇಳಿಸದ, ತಲೆ ತಿರುಗಿ ಬೀಳ್ತಿದ್ದ ಆ ಮಗು ಆರು ವರ್ಷವಾದ್ರೂ ಬದುಕಿತ್ತು. ಇರಾಕಿನ ಶಾನಿದಾರ್ ಗುಹೆಯ ಒಬ್ಬ ನಿಯಾಂಡರ್ತಲ್ ಗಂಡಸಿಗೆ ಒಂದು ಕಣ್ಣು ಹೆಚ್ಚುಕಡಿಮೆ ಕುರುಡು, ಬಲಗೈ ಮುರಿದು ಕೃಶವಾಗಿತ್ತು, ಆದ್ರೂ 40 ದಾಟೋವರೆಗೆ ಇದ್ದ. ಮನುಷ್ಯ ಮಗೂನ ತಾಯಿ ಒಬ್ಬಳೇ ಸಾಕಿ ದೊಡ್ಡದು ಮಾಡೋಕೆ ಆಗಲ್ಲ, ಅಜ್ಜಿ, ಅಕ್ಕ, ಚಿಕ್ಕಮ್ಮ, ನೆಂಟರಲ್ಲದವರು ಎಲ್ಲ ಕೈ ಹಾಕಿದ್ದಕ್ಕೇ ನಮ್ಮ ಕುಲ ಉಳಿದಿದ್ದು ಅಂತ ಮಾನವಶಾಸ್ತ್ರಜ್ಞೆ ಸಾರಾ ಹರ್ಡಿ ಎಷ್ಟೋ ವರ್ಷದಿಂದ ವಾದ ಮಾಡ್ತಾ ಬಂದಿದಾರೆ, ನನಗಂತೂ ಅದು ಪೂರ್ತಿ ಸರಿ ಅನ್ಸತ್ತೆ.

ಮಗು ಹೊತ್ಕೊಂಡು ಓಡೋ ದೃಶ್ಯಾನೂ ಕಲ್ಪನೆ ಅಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಒಣಗಿದ ಕೆರೆಯ ನೆಲದ ಮೇಲೆ 10,000 ವರ್ಷಕ್ಕೂ ಹಳೆಯ ಹೆಜ್ಜೆಗುರುತುಗಳ ಸಾಲು ಇದೆ, ಒಂದೂವರೆ ಕಿಲೋಮೀಟರು ಉದ್ದ. ಒಬ್ಬ ಹೆಂಗಸು ಅಥವಾ ಹದಿಹರೆಯದ ಹುಡುಗ ಕೆಸರಲ್ಲಿ ಜಾರ್ತಾ ಜೋರಾಗಿ ನಡೆದಿದಾರೆ, ಅಲ್ಲಲ್ಲಿ ಮೂರು ವರ್ಷದೊಳಗಿನ ಮಗುವಿನ ಪುಟ್ಟ ಹೆಜ್ಜೆ ಕಾಣತ್ತೆ ಮತ್ತೆ ಮಾಯ ಆಗತ್ತೆ, ಅಂದ್ರೆ ಇಳಿಸಿ ಸುಧಾರಿಸಿಕೊಂಡು ಮತ್ತೆ ಎತ್ಕೊಂಡಿದಾರೆ. ಅವರು ಹೋದಮೇಲೆ ಅದೇ ದಾರೀನ ಒಂದು ಮ್ಯಾಮತ್ ದಾಟಿದೆ, ಒಂದು ದೈತ್ಯ ಸ್ಲಾತ್ (ಈಗ ಅಳಿದುಹೋಗಿರೋ ಭಾರೀ ಗಾತ್ರದ ಪ್ರಾಣಿ) ಬಂದು ಮನುಷ್ಯರ ವಾಸನೆ ಹಿಡಿದು ಹಿಂಗಾಲ ಮೇಲೆ ಎದ್ದು ನಿಂತು ಸುತ್ತ ನೋಡಿದೆ. ಆಮೇಲೆ ಅದೇ ಮನುಷ್ಯ ಅದೇ ದಾರೀಲಿ ವಾಪಸ್ ಬಂದಿದಾರೆ, ಮಗು ಇಲ್ಲದೆ. ಎಲ್ಲೋ ಯಾರ ಹತ್ರವೋ ಬಿಟ್ಟು ಬಂದಿರಬೇಕು.

ಸರಿ, ಬೆರಕೆಗೂ ಲೋಕ ಕುಸಿಯೋದಕ್ಕೂ ಏನು ಸಂಬಂಧ? ಇಲ್ಲಿ ಕಥೆ ಬರೆದವರು ಒಂದು ನಿಜ ಹಿಡಿದಿದಾರೆ, ಆದ್ರೆ ಕಾರಣ ವೈರಸ್ ಅಲ್ಲ. ಯಾವುದೇ ಪ್ರಾಣಿಯ ಸಂಖ್ಯೆ ತೀರಾ ಇಳಿದುಹೋದಾಗ ಉಳಿದ ಒಂಟಿ ಜೀವಕ್ಕೆ ತನ್ನ ಕುಲದ ಸಂಗಾತಿ ಸಿಗೋದೇ ಕಷ್ಟ, ಆಗ ಹತ್ತಿರದ ನೆಂಟ ಕುಲದ ಜೊತೆ ಕೂಡತ್ತೆ. ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ತೋಳಗಳನ್ನ ಗುಂಡು, ವಿಷ, ಬೋನು ಹಾಕಿ ಮುಗಿಸಿದ್ರು, ಖಾಲಿಯಾದ ಆ ಜಾಗಕ್ಕೆ ಪಶ್ಚಿಮದಿಂದ ಕಯೋಟಿಗಳು (ತೋಳದ ಹತ್ತಿರದ ನೆಂಟ, ಗಾತ್ರದಲ್ಲಿ ಚಿಕ್ಕದು) ಬಂದ್ವು, ಉಳಿದಿದ್ದ ಒಂಟಿ ತೋಳಗಳು ಅವುಗಳ ಜೊತೆ ಕೂಡಿದ್ವು, ಇವತ್ತು ಆ ಕಡೆಯ ಕಯೋಟಿ ಅಂತ ಕರೆಯೋ ಪ್ರಾಣಿಯ ಮೈಯಲ್ಲಿ ಕಯೋಟಿ, ತೋಳ, ಸ್ವಲ್ಪ ನಾಯಿ ಮೂರೂ ಇದೆ. ನಿಯಾಂಡರ್ತಲ್ಲರ ಸ್ಥಿತೀನೂ ಇದೇ ಇತ್ತು. ಅದೇ ಡೆನಿಸೋವಾ ಗುಹೆಯ ಇನ್ನೊಬ್ಬ ನಿಯಾಂಡರ್ತಲ್ ಹೆಂಗಸಿನ ಅಪ್ಪ ಅಮ್ಮ ಮಲ ಒಡಹುಟ್ಟಿದವರಷ್ಟು ಹತ್ತಿರದ ಸಂಬಂಧಿಗಳು, ಪಕ್ಕದ ಚಾಗಿರ್ಸ್ಕಾಯಾ ಗುಹೆಯ ಕುಟುಂಬದ ಡಿಎನ್ಎ ಓದಿದ 2022ರ ಅಧ್ಯಯನದ ಪ್ರಕಾರ ಒಂದು ಗುಂಪಲ್ಲಿ ಇದ್ದಿದ್ದು 10ರಿಂದ 20 ಜನ ಅಷ್ಟೇ. ನಮ್ಮ ಪೂರ್ವಜರು ಆಫ್ರಿಕಾದಿಂದ ಹೊರಬಂದು ಇವರನ್ನ ಸಂಧಿಸಿದಾಗ ಆ ಲೋಕ ಆಗಲೇ ಅಷ್ಟು ತೆಳ್ಳಗಾಗಿತ್ತು. ಸುಮಾರು 50,000 ವರ್ಷದ ಹಿಂದೆ ಶುರುವಾಗಿ 7,000 ವರ್ಷದಷ್ಟು ಕಾಲ ಬೆರಕೆ ನಡೀತು ಅಂತ ಈಗಿನ ಲೆಕ್ಕ, ಅದಕ್ಕೇ ಆಫ್ರಿಕಾದ ಹೊರಗಿನ ಮೂಲದವರೆಲ್ಲರಲ್ಲೂ ಇವತ್ತಿಗೂ ಶೇಕಡ 1ರಿಂದ 2ರಷ್ಟು ನಿಯಾಂಡರ್ತಲ್ ಡಿಎನ್ಎ ಇದೆ.

ಆ ಮಕ್ಕಳಿಗೆ ಬದುಕು ಸುಲಭ ಇರಲಿಲ್ಲ ಅನ್ನೋದೂ ನಮ್ಮ ಜೀನ್‌ಗಳಲ್ಲೇ ಬರೆದಿದೆ. ಎಕ್ಸ್ ಕ್ರೋಮೋಸೋಮಲ್ಲಿ, ವೃಷಣದಲ್ಲಿ ಕೆಲಸ ಮಾಡೋ ಜೀನ್‌ಗಳ ಸುತ್ತ ನಿಯಾಂಡರ್ತಲ್ ಅಂಶ ತುಂಬಾ ಕಡಿಮೆ, ಬೆರಕೆ ಗಂಡುಮಕ್ಕಳಲ್ಲಿ ಎಷ್ಟೋ ಜನಕ್ಕೆ ಸಂತಾನ ಆಗ್ತಿರಲಿಲ್ಲ ಅನ್ನೋಕೆ ಇದು ಸುಳಿವು. ಆದ್ರೆ ಅವರಿಂದ ಒಳ್ಳೇದೂ ಬಂದಿದೆ, ಟಿಬೆಟ್ಟಿನವರು ಆಮ್ಲಜನಕ ಕಡಿಮೆ ಇರೋ ಎತ್ತರದಲ್ಲಿ ಆರಾಮಾಗಿ ಉಸಿರಾಡೋಕೆ ನೆರವಾಗೋ ಇಪಿಎಎಸ್1 ಜೀನಿನ ರೂಪ ಡೆನಿಸೋವನ್ನರಿಂದ ಬಂದಿದ್ದು.

ಸಾಕೋದು ಎಷ್ಟು ಮುಖ್ಯ ಅನ್ನೋದಕ್ಕೆ ಗಲಾಪಗೋಸಿನ ಫಿಂಚ್ ಹಕ್ಕಿಗಳನ್ನ ಹೇಳಲೇಬೇಕು. ಡ್ಯಾಫ್ನಿ ಮೇಜರ್ ಅನ್ನೋ ಪುಟ್ಟ ದ್ವೀಪಕ್ಕೆ 1981ರಲ್ಲಿ 100 ಕಿಲೋಮೀಟರಿಗೂ ಆಚೆಯಿಂದ ಒಂದು ದೊಡ್ಡ ಗಂಡು ಫಿಂಚ್ ದಾರಿತಪ್ಪಿ ಬಂತು, ಅಲ್ಲಿನ ಬೇರೆ ಜಾತಿಯ ಹೆಣ್ಣಿನ ಜೊತೆ ಗೂಡು ಕಟ್ಟಿತು, ಅದರ ಮುಂದಿನ ಆರು ತಲೆಮಾರುಗಳನ್ನೂ ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ ಕಣ್ಣಿಟ್ಟು ಕಾದರು. ಗಂಡು ಮರಿಗಳು ಹಾಡು ಕಲಿಯೋದು ತಂದೆಯಿಂದ, ಈ ತಂದೆಯ ಹಾಡು ದ್ವೀಪದಲ್ಲಿ ಯಾರಿಗೂ ಇಲ್ಲದ್ದು, ಹಾಗಾಗಿ ಆ ಹಾಡು ಕೇಳಿ ಬೆಳೆದ ಬೆರಕೆ ಮರಿಗಳು ತಮ್ಮತಮ್ಮಲ್ಲೇ ಜೋಡಿಯಾದ್ವು. ಮಧ್ಯೆ ಭೀಕರ ಬರ ಬಂದು ಆ ವಂಶದಲ್ಲಿ ಒಬ್ಬ ಅಣ್ಣ ಒಬ್ಬ ತಂಗಿ ಮಾತ್ರ ಉಳಿದ್ರು, ಅಲ್ಲಿಂದ ಮತ್ತೆ ಬೆಳೆದು ಈಗ ಅದು ಬೇರೆಯೇ ಒಂದು ವಂಶ.

ಈಗ ಬೇಟೆಗಾರರು. 2006ರಲ್ಲಿ ಕೆನಡಾದ ಬ್ಯಾಂಕ್ಸ್ ದ್ವೀಪದಲ್ಲಿ ಲೈಸೆನ್ಸ್ ಪಡೆದ ಒಬ್ಬ ಬೇಟೆಗಾರ ಹಿಮಕರಡಿ ಅಂದ್ಕೊಂಡು ಒಂದನ್ನ ಹೊಡೆದ, ಬಿಳಿ ತುಪ್ಪಳ, ಆದ್ರೆ ಉದ್ದ ಉಗುರು, ಬೆನ್ನಲ್ಲಿ ಉಬ್ಬು. ಡಿಎನ್ಎ ನೋಡಿದಾಗ ಅಮ್ಮ ಹಿಮಕರಡಿ, ಅಪ್ಪ ಗ್ರಿಜ್ಲಿ ಅನ್ನೋ ಕಂದು ಕರಡಿ. ಹಿಮ ಕರಗಿ ಎಲ್ಲೆಲ್ಲೂ ಬೆರಕೆ ಕರಡಿ ಹುಟ್ತಿದೆ ಅಂತ ಸುದ್ದಿ ಹಬ್ಬಿತು, ಆದ್ರೆ 2017ರ ಅಧ್ಯಯನದಲ್ಲಿ ಗೊತ್ತಾಗಿದ್ದು ಅಲ್ಲಿವರೆಗೆ ಸಿಕ್ಕ 8 ಬೆರಕೆ ಕರಡಿಗಳೂ ಒಂದೇ ಹೆಣ್ಣು ಹಿಮಕರಡಿಯ ಮಕ್ಕಳು ಮೊಮ್ಮಕ್ಕಳು. ಗಂಡು ಕರಡಿ ಮರಿ ಸಾಕಲ್ಲ, ಸಿಕ್ಕಿದ್ರೆ ಕೊಂದೂಬಿಡತ್ತೆ, ತಾಯಿ ಒಬ್ಬಳೇ ಎರಡೆರಡು ವರ್ಷ ಜೊತೆಗಿಟ್ಕೊಂಡು ಕಾದು ದೊಡ್ಡದು ಮಾಡಿದ ಮರಿಗಳು ಅವು.

ಇನ್ನೊಂದು ಥರದ ಬೇಟೆ ಇದೆ, ಅದು ಸಂರಕ್ಷಣೆಯ ಹೆಸರಲ್ಲೇ ನಡೆಯೋದು. ಸ್ಪೇನಿನಲ್ಲಿ ಬಿಳಿತಲೆ ಬಾತು 1977ರ ಹೊತ್ತಿಗೆ 22ಕ್ಕೆ ಇಳಿದಿತ್ತು, ಕಷ್ಟಪಟ್ಟು ಹೆಚ್ಚಿಸಿದಮೇಲೆ ಅಮೆರಿಕ ಮೂಲದ ರಡ್ಡಿ ಬಾತು ಬಂದು ಬೆರೆಯೋಕೆ ಶುರುಮಾಡಿತು, ಹಾಗಾಗಿ ರಡ್ಡಿ ಬಾತನ್ನೂ ಬೆರಕೆ ಬಾತನ್ನೂ ಗುಂಡಿಟ್ಟು ಕೊಂದ್ರು. ಇದನ್ನ ತಪ್ಪು ಅಂತ ನಾನು ಹೇಳಲ್ಲ, ಮನುಷ್ಯರು ತಂದುಬಿಟ್ಟ ಹಕ್ಕಿಯಿಂದ ಒಂದು ಜಾತಿ ಕರಗಿಹೋಗೋದಿತ್ತು. ಆದ್ರೆ ಕೆಂಪು ತೋಳದ ಕಥೆ ಓದಿದಾಗ ಮನಸ್ಸು ತಡೆಯಲ್ಲ. 1970ರ ದಶಕದಲ್ಲಿ ಟೆಕ್ಸಾಸ್ ಮತ್ತು ಲೂಸಿಯಾನಾದ ಕರಾವಳಿಯಲ್ಲಿ ಉಳಿದ ಕೆಂಪು ತೋಳಗಳನ್ನ ಹುಡುಕಿ ಸುಮಾರು 400 ಪ್ರಾಣಿ ಹಿಡಿದ್ರು, ತಲೆಬುರುಡೆಯ ಅಳತೆ, ಕೂಗು, ಮೈಕಟ್ಟು ನೋಡಿ ಶುದ್ಧ ಯಾವುದು ಬೆರಕೆ ಯಾವುದು ಅಂತ ವಿಂಗಡಿಸಿದ್ರು, ಆಗ ಡಿಎನ್ಎ ಪರೀಕ್ಷೆ ಇರಲಿಲ್ಲ. ಕೊನೆಗೆ ಸಂತಾನ ಮುಂದುವರಿಸಿದ್ದು 14 ಮಾತ್ರ, ಬೆರಕೆ ಅನ್ನಿಸಿದವುಗಳಲ್ಲಿ ಎಷ್ಟನ್ನೋ ಕೊಂದ್ರು. 1980ರಲ್ಲಿ ಕಾಡಲ್ಲಿ ಕೆಂಪು ತೋಳ ಇಲ್ಲ ಅಂತ ಘೋಷಣೆ ಆಯ್ತು, 1987ರಲ್ಲಿ ಆ 14ರ ಸಂತತಿಯನ್ನ ನಾರ್ತ್ ಕ್ಯಾರೊಲಿನಾದಲ್ಲಿ ಬಿಟ್ಟರು.

2018ರಲ್ಲಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ ದ್ವೀಪದಲ್ಲಿ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತಿದ್ದ ಕಯೋಟಿ ಥರದ ಪ್ರಾಣಿಗಳ ಡಿಎನ್ಎ ಓದಿದಾಗ ಅದರಲ್ಲಿ ಕೆಂಪು ತೋಳದ ಜೀನ್‌ಗಳು ಸಿಕ್ಕಿದ್ವು, ಅಷ್ಟೇ ಅಲ್ಲ, ಆ 14ರ ಸಂತತಿಯಲ್ಲಿ ಕಳೆದೇಹೋಗಿರೋ ರೂಪಗಳೂ ಇದ್ದಿರಬೇಕು ಅನ್ನೋ ಗುರುತು ಸಿಕ್ತು. ಆಮೇಲೆ ಲೂಸಿಯಾನಾದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಂಪು ತೋಳವೇ ಆಗಿರೋ ಪ್ರಾಣಿಗಳೂ ಸಿಕ್ಕಿವೆ. ಯಾರ ಕಣ್ಣಿಗೂ ಬೀಳದೆ ತಪ್ಪಿಸ್ಕೊಂಡ ಬೆರಕೆ ಮರಿಗಳು ನಲವತ್ತು ವರ್ಷ ಇದನ್ನ ಮೈಯಲ್ಲಿ ಇಟ್ಕೊಂಡಿದ್ವು. ಈಗ ಇವುಗಳನ್ನ ಕೆಂಪು ತೋಳದ ಸಂತಾನ ಕಾರ್ಯಕ್ರಮಕ್ಕೆ ಸೇರಿಸಬೇಕಾ ಬೇಡವಾ ಅಂತ ಚರ್ಚೆ ನಡೀತಿದೆ, ಶುದ್ಧತೆ ಹೋಗತ್ತೆ ಅನ್ನೋರಿದಾರೆ. ಸೇರಿಸಬೇಕು ಅನ್ನೋದು ನನ್ನ ಅಭಿಪ್ರಾಯ, ಅದೂ ಬೇಗ, ಯಾಕಂದ್ರೆ ಆ ಕರಾವಳಿಯಲ್ಲಿ ಇವುಗಳಿಗೆ ಕಯೋಟಿ ಅನ್ನೋ ಹೆಸರು ಇರೋವರೆಗೆ ಇವುಗಳನ್ನ ಕೊಲ್ಲೋಕೆ ಹೆಚ್ಚೇನೂ ಅಡ್ಡಿ ಇಲ್ಲ.