ಎಷ್ಟು ಎಕರೆ ಅಂತ ಕೇಳಬೇಡಿ, ಎಷ್ಟು ಇಂಚು ಅಂತ ಕೇಳಿ

2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆಗೆ ನ್ಯೂಯಾರ್ಕಿನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತಲ್ಲ, ಆಗ ಊರಿನಿಂದ ಅಣ್ಣ ಫೋನ್ ಮಾಡಿದ. "ನಿಮ್ ಕಾಡೆಲ್ಲ ಸುಟ್ಟೋಯ್ತಂತಲ್ಲೇ, ಇನ್ನು ಅಲ್ಲೇನು ಕೆಲಸ ನಿಂಗೆ?" ನಾನಿರುವುದು ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ. ಸುಟ್ಟಿದ್ದು ಕೆನಡಾ. ಅವನಿಗೆ ಎರಡೂ ಒಂದೇ. ಮರದ ಲೆಕ್ಕದಲ್ಲಿ ಅವನು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಎರಡೂ ಕಡೆ ಅದೇ ಕಪ್ಪು ಸ್ಪ್ರೂಸ್ ಮರ, ಅದೇ ಪಾಚಿ, ಅದೇ ಬೆಂಕಿ. ಆದರೆ ನನ್ನ ಕೆಲಸ ಶುರುವಾಗುವುದೇ ಕಾಡು ಸುಟ್ಟ ಮೇಲೆ.

ಆ ವರ್ಷ ಕೆನಡಾದಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಸುಟ್ಟಿತು. ಕರ್ನಾಟಕದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ. ಪತ್ರಿಕೆಯವರಿಗೆ ಬೇಕಾಗುವುದು ಈ ಲೆಕ್ಕ. ನಾನು ಕೇಳುವ ಪ್ರಶ್ನೆ ಬೇರೆ: ನೆಲ ಎಷ್ಟು ಇಂಚು ಸುಟ್ಟಿತು?

ನೆಲ ಸುಡುತ್ತದಾ ಅಂತ ಕೇಳಬಹುದು. ಇಲ್ಲಿ ಸುಡುತ್ತದೆ. ಉತ್ತರದ ಈ ಚಳಿ ಕಾಡಿನಲ್ಲಿ ಮಣ್ಣಿನ ಮೇಲೆ ದಪ್ಪ ಪಾಚಿಯ ಹಾಸು ಇರುತ್ತದೆ. ಮಳೆಗಾಲದಲ್ಲಿ ನಮ್ಮ ಕಾಂಪೌಂಡ್ ಗೋಡೆ ಮೇಲೆ ಬರುವ ಪಾಚಿಯಂತಲ್ಲ. ಕಾಲಿಟ್ಟರೆ ಬೂಟು ಮುಳುಗುತ್ತದೆ. ಅದರ ಕೆಳಗೆ ಸತ್ತ ಪಾಚಿ, ಎಲೆ, ಬೇರು. ಚಳಿಗೆ ಅವು ಬೇಗ ಕೊಳೆಯುವುದಿಲ್ಲ, ಹಾಗಾಗಿ ನೂರಾರು ವರ್ಷದ್ದು ಒಂದರ ಮೇಲೊಂದು ಕೂತಿರುತ್ತದೆ. ಅದಕ್ಕೂ ಕೆಳಗೆ ಬೇಸಿಗೆಯಲ್ಲೂ ಕರಗದ ನೆಲ, ಪರ್ಮಾಫ್ರಾಸ್ಟ್. ಕಬ್ಬಿಣದ ಸರಳನ್ನು ನೆಲಕ್ಕೆ ಚುಚ್ಚುತ್ತಾ ಹೋದರೆ ಒಂದು ಹಂತದಲ್ಲಿ ಠಕ್ ಅಂತ ನಿಲ್ಲುತ್ತದೆ. ಅದೇ ಐಸ್. ಈ ಐಸ್ ಕರಗದಂತೆ ಕಾಪಾಡುವುದು ಮೇಲಿನ ಪಾಚಿ. ಕಂಬಳಿ ಹೊದ್ದರೆ ಬೆಚ್ಚಗಾಗುತ್ತದೆ ಅಂತ ನಮಗೆ ಗೊತ್ತು. ಇಲ್ಲಿನ ಕಂಬಳಿ ಬೇಸಿಗೆಯ ಬಿಸಿ ಕೆಳಗೆ ಇಳಿಯದಂತೆ ತಡೆಯುತ್ತದೆ.

ಕಪ್ಪು ಸ್ಪ್ರೂಸ್ ನೋಡಲು ಬಡಕಲು ಮರ. ನೂರು ವರ್ಷ ಕಳೆದರೂ ಕೆಲವು ಕಡೆ ಮಣಿಕಟ್ಟಿನಷ್ಟೇ ದಪ್ಪ. ಆದರೆ ಬೆಂಕಿಯ ವಿಷಯದಲ್ಲಿ ಭಾರೀ ಚಾಲಾಕಿ. ಕಾಯಿಗಳನ್ನು ತುದಿಯಲ್ಲಿ ಗೊಂಚಲಾಗಿ ಇಟ್ಟುಕೊಂಡಿರುತ್ತದೆ, ಅಂಟು ಹಾಕಿ ಮುಚ್ಚಿ. ಬೆಂಕಿಯ ಶಾಖಕ್ಕೆ ಅಂಟು ಕರಗುತ್ತದೆ, ಕಾಯಿ ಬಿರಿಯುತ್ತದೆ, ಬೀಜ ಉದುರುತ್ತದೆ. ಮರ ಸಾಯುತ್ತದೆ, ಮರಿಗಳು ಅಲ್ಲೇ ಹುಟ್ಟುತ್ತವೆ. ಬೆಂಕಿ ಇಲ್ಲಿಯ ಶತ್ರು ಏನಲ್ಲ. ಸುಮಾರು ನೂರು ವರ್ಷಕ್ಕೊಮ್ಮೆ ಸುಟ್ಟು, ಮತ್ತೆ ಸ್ಪ್ರೂಸ್ ಕಾಡೇ ಆಗಿ ಎದ್ದು ಬರುವುದು ಸಾವಿರಾರು ವರ್ಷಗಳಿಂದ ನಡೆದಿದೆ.

ಲೆಕ್ಕ ತಪ್ಪುತ್ತಿರುವುದು ಆಳದಲ್ಲಿ. ಜೂನ್‌ನಲ್ಲಿ ಬೆಂಕಿ ಬಿದ್ದರೆ ಕೆಳಗಿನ ಪದರ ಇನ್ನೂ ತಣ್ಣಗೆ, ಒದ್ದೆಯಾಗಿರುತ್ತದೆ. ಮೇಲ್ಮೇಲೆ ಸುಟ್ಟು ಹೋಗುತ್ತದೆ. ಆಗಸ್ಟ್ ಹೊತ್ತಿಗೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ದ ಮೇಲಿನ ಪದರ ಕರಗಿ, ಐಸ್ ಕೆಳಕ್ಕೆ ಸರಿದಿರುತ್ತದೆ, ನೀರು ಇಳಿದಿರುತ್ತದೆ. ಆಗ ಬೆಂಕಿ ಮಣ್ಣಿನ ತನಕ ತಿಂದುಕೊಂಡು ಹೋಗುತ್ತದೆ. ಅಲಾಸ್ಕಾ ಜಗತ್ತಿನ ಸರಾಸರಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಬಿಸಿಯಾಗುತ್ತಿದೆ. 2004ರಲ್ಲಿ ಇಲ್ಲಿ 66 ಲಕ್ಷ ಎಕರೆ ಸುಟ್ಟಿತು, ದಾಖಲೆಯಲ್ಲಿ ಅದೇ ಅತಿ ದೊಡ್ಡದು. ಆ ಸಲ ಬೆಂಕಿ ಬೇಸಿಗೆ ಮುಗಿಯುವ ತನಕ ಎಳೆಯಿತು. ಎಕರೆಗಿಂತ ನನಗೆ ದಿಗಿಲಾಗುವುದು ಆ ಎಳೆತ.

ಸುಟ್ಟು ಹೋದದ್ದನ್ನು ಅಳೆಯುವುದು ಹೇಗೆ? ಇದು ನನಗೆ ತುಂಬಾ ಇಷ್ಟವಾದ ಕೆಲಸ. ಪಾಚಿ ಬೆಳೆದು ಕಾಂಡವನ್ನು ಮುಚ್ಚುತ್ತಾ ಬಂದ ಹಾಗೆ ಸ್ಪ್ರೂಸ್ ಮೇಲಿನಿಂದ ಹೊಸ ಬೇರು ಬಿಡುತ್ತದೆ. ಮೆಕ್ಕೆಜೋಳದ ಬುಡದಲ್ಲಿ ಗೆಣ್ಣಿನಿಂದ ಬೇರು ಬರುತ್ತದಲ್ಲ, ಹಾಗೆ. ಪಾಚಿ ಸುಟ್ಟ ಮೇಲೆ ಆ ಬೇರುಗಳು ಗಾಳಿಯಲ್ಲಿ ಉಳಿಯುತ್ತವೆ. ಎಲ್ಲಕ್ಕಿಂತ ಮೇಲಿನ ಬೇರಿನಿಂದ ಈಗಿನ ನೆಲಕ್ಕೆ ಟೇಪು ಹಿಡಿದರೆ ಸರಿ, ಎಷ್ಟು ಹೋಯಿತು ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಮಸಿ ಮೆತ್ತಿದ ಕೈಯಲ್ಲಿ ದಿನಕ್ಕೆ ನೂರಾರು ಬೇರು. ಜೊತೆಗೆ ಸೊಳ್ಳೆ. ಸೊಳ್ಳೆಯ ವಿಷಯ ಬಿಡಿ, ಅದಕ್ಕೆ ಬೇರೆ ಅಂಕಣವೇ ಬೇಕು.

ಬೆಂಕಿಯ ನಂತರ ನಾಲ್ಕೈದು ಇಂಚು ಪಾಚಿ ಉಳಿದಿದ್ದರೆ ಅದು ಬಿಸಿಲಿಗೆ ಬೇಗ ಒಣಗುತ್ತದೆ. ಆಸ್ಪೆನ್, ಬರ್ಚ್ ಎಲೆ ಉದುರಿಸುವ ಮರಗಳು; ಹತ್ತಿಯ ಎಳೆಯಂತೆ ಹಾರಿ ಬರುವ ಆಸ್ಪೆನ್ ಬೀಜ, ಪುಟ್ಟ ಬರ್ಚ್ ಬೀಜ ಅಲ್ಲಿ ಬದುಕುವುದು ಕಷ್ಟ. ಸ್ವಲ್ಪ ದೊಡ್ಡದಾದ ಸ್ಪ್ರೂಸ್ ಬೀಜ ಹೇಗೋ ಬೇರು ಇಳಿಸುತ್ತದೆ. ಆದರೆ ಮಣ್ಣೇ ಬಯಲಾದರೆ ಕಥೆ ಬೇರೆ. ಆಸ್ಪೆನ್, ಬರ್ಚ್ ಮೊದಲು ಬಂದು ಜಾಗ ಹಿಡಿಯುತ್ತವೆ, ಬೇಗ ಎತ್ತರಕ್ಕೆ ಏಳುತ್ತವೆ. ಪ್ರತಿ ವರ್ಷ ಅವುಗಳ ಎಲೆ ಬಿದ್ದು ಪಾಚಿಯನ್ನು ಮುಚ್ಚುತ್ತದೆ. ಪಾಚಿ ಇಲ್ಲದೆ ನೆಲ ಬಿಸಿಯಾಗುತ್ತದೆ, ಐಸ್ ಇನ್ನೂ ಕೆಳಕ್ಕೆ ಹೋಗುತ್ತದೆ. ಹತ್ತಿಪ್ಪತ್ತು ವರ್ಷದಲ್ಲೇ ಮತ್ತೆ ಬೆಂಕಿ ಬಿದ್ದರಂತೂ ಮುಗಿಯಿತು, ಎಳೆಯ ಸ್ಪ್ರೂಸ್‌ನಲ್ಲಿ ಇನ್ನೂ ಕಾಯಿಯೇ ಕಟ್ಟಿರುವುದಿಲ್ಲ.

ಇದೆಲ್ಲ ಕೆಟ್ಟದ್ದೇ ಅಂತ ನಾನು ಹೇಳುವುದಿಲ್ಲ. ಎಲೆ ಉದುರಿಸುವ ಕಾಡು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಬೇಗ ಬೆಳೆದು ಕಾರ್ಬನ್ ಹಿಡಿಯುತ್ತದೆ. ಚಳಿಗಾಲದಲ್ಲಿ ಬೋಳಾಗಿ ನಿಂತಾಗ ಹಿಮ ಬಿಸಿಲನ್ನು ವಾಪಸ್ ಎಸೆಯುತ್ತದೆ. ಚಿಗುರು ತಿನ್ನುವ ಮೂಸ್ ಎಂಬ ಭಾರೀ ಜಿಂಕೆಗೆ ಹಬ್ಬ, ಅದನ್ನು ಬೇಟೆಯಾಡಿ ಫ್ರೀಜರ್ ತುಂಬಿಸಿಕೊಳ್ಳುವ ಇಲ್ಲಿನ ಜನಕ್ಕೂ. ಆದರೆ ಕ್ಯಾರಿಬೂಗೆ, ಅಂದರೆ ಇಲ್ಲಿನ ಹಿಮಸಾರಂಗಕ್ಕೆ, ಚಳಿಗಾಲದ ಊಟ ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯಲ್ಲಿರುವುದರ ದೂರದ ನೆಂಟ. ಸುಟ್ಟ ಮೇಲೆ ಅದು ಸರಿಯಾಗಿ ಬೆಳೆಯಲು ಹಲವು ದಶಕ ಬೇಕು. ಹಳೇ ಪಾಚಿಯ ಕಾರ್ಬನ್ನಿನದೂ ಅದೇ ಕಥೆ. ಮೊದಲು ಪ್ರತಿ ಬೆಂಕಿಯ ನಂತರವೂ ತಳದಲ್ಲಿ ಒಂದಷ್ಟು ಉಳಿಯುತ್ತಿತ್ತು. ಆಳಕ್ಕೆ ಇಳಿಯುವ ಬೆಂಕಿ ಅದನ್ನೂ ಸುಡುತ್ತದೆ. ಬಡ್ಡಿ ಖರ್ಚು ಮಾಡುವುದು ಬೇರೆ, ಅಸಲಿಗೇ ಕೈ ಹಾಕುವುದು ಬೇರೆ, ಅಲ್ವಾ?

ಕಳೆದ ಬೇಸಿಗೆ ಸ್ಟೀಸ್ ಹೆದ್ದಾರಿ ಪಕ್ಕದ ಒಂದು ಇಳಿಜಾರಿನಲ್ಲಿ ಕೆಲಸ ಮಾಡಿದೆ. 2004ರ ಬೆಂಕಿಯ ಜಾಗ. ಮೇಲೆ, ಒಣ ನೆಲದಲ್ಲಿ, ಬರ್ಚ್ ನನಗಿಂತ ಎರಡು ಪಟ್ಟು ಎತ್ತರ, ಕಾಲಡಿ ಎಲೆಯ ಸರಪರ ಸದ್ದು. ಕೆಳಗೆ ಹಳ್ಳದ ಪಕ್ಕ ನೆಲ ಒದ್ದೆ. ಅಲ್ಲಿ ಸೊಂಟದೆತ್ತರದ ಸ್ಪ್ರೂಸ್‌ಗಳು ಒತ್ತೊತ್ತಾಗಿ ನಿಂತಿದ್ದವು, ಬುಡದಲ್ಲಿ ಪಾಚಿ ಮತ್ತೆ ಬಂದಿತ್ತು. ಒಂದೇ ಬೆಂಕಿ, ಒಂದೇ ಬೆಟ್ಟ. ಕೆಳಗೆ ಸರಳು ಚುಚ್ಚಿದೆ, ಠಕ್ ಅಂತ ನಿಂತಿತು. ಮೇಲೆ ಹತ್ತಿ ಚುಚ್ಚಿದೆ. ಸರಳು ಪೂರ್ತಿ ಒಳಗೆ ಹೋಯಿತು.