ಆ 64 ಅಕ್ಷರಗಳನ್ನು ವಾಟ್ಸಾಪ್‌ಗೆ ಹಾಕಬೇಡಿ

ದೀಪಾವಳಿ ಕಳೆದು ನಾಲ್ಕು ದಿನ ಆಗಿತ್ತು. ದಾವಣಗೆರೆ ಎಪಿಎಂಸಿ ಯಾರ್ಡ್‌ನ ಒಂದು ದಲ್ಲಾಳಿ ಅಂಗಡಿಯಿಂದ ಫೋನ್ ಬಂತು. ಗೋದಾಮಿನ ತೂಕದ ಲೆಕ್ಕ ಆಫೀಸಿಗೆ ಬರುತ್ತಿಲ್ಲ. ಹೊರಗೆ ಮೆಕ್ಕೆಜೋಳದ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿವೆ. "ವೈಫೈ ಚೆನ್ನಾಗೇ ಐತಿ, ನಮ್ ಫೋನೆಲ್ಲಾ ನಡೀತಾವೆ. ನಿಮ್ಮ ಡಬ್ಬಿನೇ ಕೆಟ್ಟೈತಿ ನೋಡ್ರಿ" ಅಂದರು ಸಾವ್ಕಾರ್ರು.

ಡಬ್ಬಿ ಅಂದರೆ ಆ ಲೆಕ್ಕ ಕಳಿಸುವ ರಾಸ್ಪ್‌ಬೆರಿ ಪೈ, ಅಂಗೈಯಷ್ಟು ದೊಡ್ಡ ಕಂಪ್ಯೂಟರ್. ಪರದೆ ಇಲ್ಲ, ಮೌಸ್ ಇಲ್ಲ. ಅದರಲ್ಲಿ ಲಿನಕ್ಸ್ ಓಡುತ್ತದೆ, ವೈಫೈಯನ್ನೂ ಕಮಾಂಡ್ ಕೊಟ್ಟೇ ಜೋಡಿಸಬೇಕು. ಮೇಲಿನ ಜೋಳದ ಧೂಳು ಒರೆಸಿ, ಪರದೆ, ಕೀಬೋರ್ಡ್ ಚುಚ್ಚಿ ಲಾಗ್ ತೆಗೆದೆ, ಅಂದರೆ ಡಬ್ಬಿ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ. ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು: ಹ್ಯಾಂಡ್‌ಶೇಕ್ ಆಗಲಿಲ್ಲ, ಕೀ ತಪ್ಪಿರಬಹುದು. ರೂಟರೂ ಡಬ್ಬಿಯೂ ಒಬ್ಬರನ್ನೊಬ್ಬರು ಒಪ್ಪಲಿಲ್ಲ ಅಂತ ಅರ್ಥ.

ಪಾಸ್‌ವರ್ಡ್ ಬದಲಾಯಿಸಿದಿರಾ ಅಂತ ಕೇಳಿದೆ. ಇಲ್ಲ ಅಂದರು. ಹೆಸರು? ಆಗ ಅವರ ಮಗ ಬಾಯಿಬಿಟ್ಟ. ಲಕ್ಷ್ಮಿ ಪೂಜೆ ದಿನ ವೈಫೈಗೆ ಅಂಗಡಿಯ ಹೊಸ ಹೆಸರು ಇಟ್ಟಿದ್ದ. ಡಬ್ಬಿಯಲ್ಲಿ ವೈಫೈ ವಿವರ ಇರುವ ಫೈಲ್‌ನಲ್ಲೂ ಹೆಸರು ತಿದ್ದಿದ್ದ. ಬುದ್ಧಿವಂತ ಹುಡುಗ. ಆದರೆ ಅದರ ಕೆಳಗಿನ 64 ಅಕ್ಷರದ ಸಾಲನ್ನು ಮುಟ್ಟಿರಲಿಲ್ಲ. "ಪಾಸ್‌ವರ್ಡ್ ಅದೇ ಇದೆಯಲ್ಲಾ ಸರ್, ಅದನ್ಯಾಕೆ ಮುಟ್ಟಬೇಕು?"

ಈ ಒಂದು ಮಾತನ್ನು ನಾನು ಎಷ್ಟು ಜನಕ್ಕೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಡಬ್ಲ್ಯೂಪಿಎ ಅಂದರೆ ವೈಫೈಗೆ ಹಾಕುವ ಬೀಗದ ಪದ್ಧತಿ. ಡಬ್ಲ್ಯೂಪಿಎ ಪಾಸ್‌ಫ್ರೇಸ್ ಅನ್ನುವ ಕಮಾಂಡ್‌ಗೆ ನೀವು ಎರಡು ಸಂಗತಿ ಕೊಡುತ್ತೀರಿ. ಒಂದು ವೈಫೈ ಹೆಸರು, ಇನ್ನೊಂದು 8ರಿಂದ 63 ಅಕ್ಷರದೊಳಗಿನ ಪಾಸ್‌ವರ್ಡ್. ಅದು ಎರಡನ್ನೂ ಕಲಸಿ, 4096 ಸಲ ಅರೆದು, 256 ಬಿಟ್‌ಗಳ ಒಂದು ಕೀ ತೆಗೆಯುತ್ತದೆ. ಆ 64 ಅಕ್ಷರ ಅಂದರೆ ಅದೇ ಕೀ. ಹೆಸರೂ ಅದರೊಳಗೇ ಅರೆದು ಹೋಗಿದೆ. ಹೆಸರಿನ ಒಂದು ಅಕ್ಷರ ಬದಲಾದರೂ, ದೊಡ್ಡಕ್ಷರ ಇದ್ದದ್ದು ಸಣ್ಣಕ್ಷರ ಆದರೂ, ಬೇರೆಯದೇ ಕೀ ಬರುತ್ತದೆ. ಫೋನ್‌ಗಳಿಗೆ ಮನೆಯವರು ಪಾಸ್‌ವರ್ಡನ್ನೇ ಮತ್ತೆ ಹೊಡೆದಿದ್ದರು, ಅವು ಹೊಸ ಕೀ ತಾವೇ ಮಾಡಿಕೊಂಡವು. ಡಬ್ಬಿಯಲ್ಲಿ ಇದ್ದದ್ದು ಹಳೆಯದು.

ಇದು ಸಣ್ಣ ತೊಂದರೆ, ಹತ್ತು ನಿಮಿಷದ ಕೆಲಸ. ನನಗೆ ಸಂಕಟ ಆಗುವುದು ಇನ್ನೊಂದಕ್ಕೆ. ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡಿದ್ದ ಇಂಜಿನಿಯರಿಂಗ್ ಹುಡುಗನೊಬ್ಬ ತನ್ನ ಫೈಲನ್ನು ಪೂರ್ತಿ ಕ್ಲಾಸ್ ಗ್ರೂಪ್‌ಗೆ ಹಾಕಿದ್ದ. ಆ ಕಮಾಂಡ್ # ಗುರುತಿನ ಮುಂದೆ ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಡುತ್ತದೆ. ಅದನ್ನು ನೆನಪಿಟ್ಟು ಅಳಿಸಿದ್ದ ಪಾಪ. "ಉಳಿದಿದ್ದು ಎನ್‌ಕ್ರಿಪ್ಟ್ ಆಗಿದೆ ಅಲ್ವಾ ಅಣ್ಣಾ?" ನಾನು ಉತ್ತರ ಕೊಡಲಿಲ್ಲ. ಗ್ರೂಪ್‌ನಿಂದ ಆ 64 ಅಕ್ಷರ ಎತ್ತಿ ನನ್ನ ಲ್ಯಾಪ್‌ಟಾಪ್‌ನ ಫೈಲ್‌ಗೆ ಅಂಟಿಸಿದೆ. ಪಾಸ್‌ವರ್ಡ್ ಏನೆಂದು ನನಗೆ ಗೊತ್ತೇ ಇರಲಿಲ್ಲ. ಅವನ ವೈಫೈಗೆ ಕೂಡಲೇ ಸೇರಿಕೊಂಡಿತು. ಹುಡುಗನ ಮುಖ ಬಿಳಿಚಿಕೊಂಡಿತು.

ಅರೆದದ್ದರಿಂದ ಲಾಭವೇ ಇಲ್ಲ ಅಂತಲ್ಲ. ಅದೇ ಪಾಸ್‌ವರ್ಡ್ ಇಮೇಲ್‌ಗೂ ಇಟ್ಟಿದ್ದರೆ ಅದು ನೇರವಾಗಿ ಕಾಣುವುದಿಲ್ಲ, ಅಷ್ಟೇ. ನಮ್ಮ ಊರಲ್ಲಿ ಬಹಳ ಜನ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುತ್ತಾರೆ. ಹಾಗಿದ್ದರೆ ಆ ಮರೆಯೂ ಉಳಿಯುವುದಿಲ್ಲ. 6ರಿಂದ 9ರೊಳಗೆ ಶುರುವಾಗುವ ಹತ್ತಂಕಿ ನಂಬರ್ ಒಟ್ಟು 400 ಕೋಟಿ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವವನು ಅಷ್ಟನ್ನೂ ಒಂದು ದಿನದೊಳಗೆ ಹಾಕಿ ನೋಡಬಹುದು.

ಹಾಗಾಗಿ ಆ ಫೈಲನ್ನು ರೂಟ್, ಅಂದರೆ ಲಿನಕ್ಸ್‌ನ ಮುಖ್ಯ ಬಳಕೆದಾರ, ಬಿಟ್ಟು ಬೇರೆಯವರು ಓದದ ಹಾಗೆ ಇಡಿ. ಅನುಮತಿ 600 ಸಾಕು, ಅಂದರೆ ಫೈಲ್‌ನ ಒಡೆಯ ಮಾತ್ರ ಓದಬಹುದು, ಬರೆಯಬಹುದು. ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲೇ ಹೊಡೆದರೆ ಹೊಡೆದ ಕಮಾಂಡ್‌ಗಳ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ. ಹೆಸರನ್ನಷ್ಟೇ ಕೊಟ್ಟು ಎಂಟರ್ ಒತ್ತಿ, ಪಾಸ್‌ವರ್ಡ್ ಹೊಡೆಯಲಿ ಅಂತ ಅದೇ ಕಾಯುತ್ತದೆ. ಸಹಾಯ ಕೇಳುವಾಗ ಲಾಗ್ ಕಳಿಸಿ, ಫೈಲ್ ಕಳಿಸಬೇಡಿ. ಕಳಿಸಲೇಬೇಕಾದರೆ # ಇರುವ ಪಾಸ್‌ವರ್ಡ್ ಸಾಲು, 64 ಅಕ್ಷರದ ಸಾಲು ಎರಡನ್ನೂ ತೆಗೆಯಿರಿ. ಈಗಾಗಲೇ ಕಳಿಸಿಬಿಟ್ಟಿದ್ದರೆ ಮೆಸೇಜ್ ಅಳಿಸಿ ಸುಮ್ನೆ ಕೂರಬೇಡಿ, ರೂಟರ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಿ.

ಇನ್ನೊಂದು. ರೂಟರ್ ಡಬ್ಲ್ಯೂಪಿಎ3ಯಲ್ಲಿ, ಅಂದರೆ ಆ ಬೀಗದ ಹೊಸ ಆವೃತ್ತಿಯಲ್ಲಿ ಮಾತ್ರ ಇದ್ದರೆ ಈ 64 ಅಕ್ಷರ ನಡೆಯುವುದಿಲ್ಲ, ಪಾಸ್‌ವರ್ಡನ್ನೇ ಕೊಡಬೇಕು. ಡಬ್ಲ್ಯೂಪಿಎ2 ಮತ್ತು 3 ಎರಡೂ ಇದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ನಿಮ್ಮ ರೂಟರ್ ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ಯಾರ್ಡ್‌ನಲ್ಲಿ ಆವತ್ತು ಕೀಬೋರ್ಡನ್ನು ಆ ಹುಡುಗನ ಕೈಗೇ ಕೊಟ್ಟೆ. ಹೊಸ ಹೆಸರು ಕೊಟ್ಟು ಕೀ ತೆಗೆದ, ಎರಡು ಸಲ ಓದಿ ನೋಡಿ ಫೈಲ್‌ಗೆ ಹಾಕಿದ. ಡಬ್ಬಿ ವೈಫೈಗೆ ಸೇರಿ ಐಪಿ ವಿಳಾಸ ಬಂದದ್ದು ಕಂಡ ತಕ್ಷಣ ಹೊರಗೆ ಓಡಿ ಮೊದಲ ಟ್ರ್ಯಾಕ್ಟರ್‌ಗೆ ಕೈ ಬೀಸಿದ.